ಅಳಿವೆ ದಾಟುವ ಲೆಕ್ಕ

ಮೈಸೂರಿನ ಅಶೋಕಪುರದಲ್ಲಿ ನಿಂತವರ ಕಣ್ಣಿಗೆ ಬೀಳುವುದು ಚಾಮುಂಡಿ ಬೆಟ್ಟ. ಕಡಲೆಂಬುದು ಘಟ್ಟದಾಚೆಯ ಸುದ್ದಿ. ಆದರೆ ಇಲ್ಲಿಂದ ಕೂಗಳತೆಯಲ್ಲಿರುವ ಶ್ರೀರಂಗಪಟ್ಟಣದಲ್ಲಿ ಕುಳಿತೇ ಟಿಪ್ಪು ಸುಲ್ತಾನ್ ಒಂದು ದೀರ್ಘ ಸಮುದ್ರಯಾನದ ಯೋಜನೆ ಹಾಕಿದ್ದ. 1786ರ ಮಾರ್ಚ್ ತಿಂಗಳಲ್ಲಿ ಅವನ ರಾಯಭಾರಿ ಗುಲಾಮ್ ಅಲಿ ಖಾನನ ತಂಡ ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲ್‌ನತ್ತ ಹೊರಟಿತು. ಹೊರಟ ಜಾಗ ಮಂಗಳೂರಲ್ಲ, ಅಘನಾಶಿನಿ ನದಿ ಕಡಲು ಸೇರುವ ತದಡಿ. ಮಳೆಗಾಲಕ್ಕೆ ಮೂರು ತಿಂಗಳು ಕೂಡ ಪೂರ್ತಿ ಉಳಿದಿರಲಿಲ್ಲ. ಗಂಧ, ಮೆಣಸು, ಏಲಕ್ಕಿಯ ಜೊತೆಗೆ ಆನೆಗಳನ್ನೂ ಹೇರಿಕೊಂಡು ಹೋದ ಈ ತಂಡದಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ದಿನಚರಿ ಬರೆದಿಟ್ಟ. ಹಡಗುಗಳ ನಷ್ಟ, ರೋಗ ರುಜಿನಗಳ ನಡುವೆ ಹೋದವರಲ್ಲಿ ಬಹುಪಾಲು ಜನ ಮರಳಿ ಬರಲಿಲ್ಲ.

ಅರಸರ ಹಡಗಿನ ಕಥೆ ಹಾಗಿರಲಿ. ಅದೇ ಕರಾವಳಿಯಲ್ಲಿ ನಾಲ್ಕಾರು ಜನರ ಸಣ್ಣ ದೋಣಿಯೊಂದು ಮಂಗಳೂರಿನಿಂದ ಕಾರವಾರಕ್ಕೆ ಹೋಗಬೇಕಾದರೆ ಏನೇನು ಲೆಕ್ಕ ಹಾಕಬೇಕು? ಹಾಯಿಯ ಕಾಲದಲ್ಲಿ ಆ ಲೆಕ್ಕ ಹೇಗಿತ್ತು, ಯಂತ್ರ ಬಂದ ಮೇಲೆ ಏನು ಬದಲಾಯಿತು? ಘಟ್ಟದ ಮೇಲಿನವರು ಸಾಮಾನ್ಯವಾಗಿ ನಡುಕಡಲೇ ಅಪಾಯದ ಜಾಗವೆಂದು ತಿಳಿಯುತ್ತಾರೆ. ಕರಾವಳಿಯ ತಂಡೇಲನನ್ನು ಕೇಳಿದರೆ ಅವನು ಮೊದಲು ತೋರಿಸುವುದು ಅಳಿವೆಯನ್ನು.

ಅಳಿವೆಯೆಂದರೆ ನದಿ ಸಮುದ್ರ ಸೇರುವ ಬಾಯಿ. ಕನ್ನಡ ನಾಡಿನ ಕರಾವಳಿಯ ಉದ್ದ ಸುಮಾರು 300 ಕಿಲೋಮೀಟರು. ಅಷ್ಟರೊಳಗೇ ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡುವ ಬೆಂಗ್ರೆ, ಸೀತಾ ಮತ್ತು ಸುವರ್ಣಾ ಸೇರುವ ಕೋಡಿಬೆಂಗ್ರೆ, ಐದು ನದಿಗಳು ಒಟ್ಟುಗೂಡುವ ಗಂಗೊಳ್ಳಿ, ಶರಾವತಿಯ ಹೊನ್ನಾವರ, ಅಘನಾಶಿನಿಯ ತದಡಿ, ಕಾಳಿಯ ಕಾರವಾರ ಹೀಗೆ ಸಾಲು ಸಾಲು ಅಳಿವೆಗಳಿವೆ. ಹಳೆಯ ರೇವುಗಳೆಲ್ಲ ಹುಟ್ಟಿದ್ದು ಇವುಗಳ ಒಳಗೇ. ಒಳಗೆ ಹೊಕ್ಕರೆ ನೀರು ತಣ್ಣಗೆ, ಗಾಳಿಯ ಭಯವಿಲ್ಲ. ಹೊಕ್ಕುವುದೇ ಕಷ್ಟ. ನದಿ ಹೊತ್ತು ತಂದ ಮರಳನ್ನು ಕಡಲು ಬಾಯಿಯಲ್ಲೇ ತಡೆದು ದಿಬ್ಬ ಕಟ್ಟುತ್ತದೆ. ಪ್ರತಿ ಮಳೆಗಾಲದಲ್ಲಿ ದಿಬ್ಬ ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರಲಾರದು. ನದಿ ಇಳಿತದ ಜೋರಿನಲ್ಲಿ ಹೊರಗೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ, ದಿಬ್ಬದ ಮೇಲೆ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಸಣ್ಣ ದೋಣಿಗಳು ಮಗುಚುವುದು ಹೆಚ್ಚಾಗಿ ಅಲ್ಲೇ, ಮನೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ.

ಹಾಗಾಗಿ ಪಯಣದ ಲೆಕ್ಕ ಹೊರಡುವ ಹೊತ್ತಿನಿಂದಲ್ಲ, ಒಳಹೊಕ್ಕುವ ಹೊತ್ತಿನಿಂದ ಹಿಂದಕ್ಕೆ ನಡೆಯುತ್ತದೆ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನೀರು ಏರುತ್ತಿರುವಾಗ, ಅದೂ ಹಗಲು ಬೆಳಕಿನಲ್ಲಿ, ಅಳಿವೆಯ ಮುಂದೆ ಇರಬೇಕು. ಇದಕ್ಕೆ ಪಂಚಾಂಗ ನೋಡಿದರೆ ಸಾಕಿತ್ತು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಉಬ್ಬರ ಯಾವಾಗ, ಅಷ್ಟಮಿಯ ಸಣ್ಣ ಉಬ್ಬರ ಯಾವಾಗ ಎಂಬುದು ತಿಥಿಯಲ್ಲೇ ಬರೆದಿರುತ್ತಿತ್ತು. ಓದು ಬರಹ ಬಾರದವರಿಗೂ ಚಂದ್ರ ಕಾಣುತ್ತಿದ್ದನಲ್ಲ!

ಇನ್ನು ಗಾಳಿ. ಜೂನ್‌ನಿಂದ ಶ್ರಾವಣದ ನೂಲ ಹುಣ್ಣಿಮೆಯವರೆಗೆ ಕಡಲು ಮುಚ್ಚಿದ ಬಾಗಿಲು. ಸಮುದ್ರಪೂಜೆ ಮಾಡಿ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವ ಸಂಪ್ರದಾಯ ಹುಟ್ಟಿದ್ದು ಭಕ್ತಿಯಿಂದ ಎಷ್ಟೋ, ವಿವೇಕದಿಂದಲೂ ಅಷ್ಟೇ. ಮಳೆ ಕಳೆದ ತಿಂಗಳುಗಳಲ್ಲಿ ಗಾಳಿಗೆ ದಿನಚರಿಯೊಂದಿದೆ. ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಬೀಸುತ್ತದೆ, ಮಧ್ಯಾಹ್ನ ತಿರುಗಿದ ಮೇಲೆ ವಾಯವ್ಯದಿಂದ ಬಲವಾಗಿ ಬರುತ್ತದೆ. ತೆಂಕಣಕ್ಕೆ ಹೋಗುವ ಹಾಯಿದೋಣಿಗೆ ಎರಡೂ ಅನುಕೂಲ. ಬಡಗಣಕ್ಕೆ ಹೋಗುವವನಿಗೆ ಅರ್ಧ ದಿನ ಮಾತ್ರ ಸ್ವಂತದ್ದು.

ಈ ವಾಯವ್ಯ ಗಾಳಿ ಎಂಥವರನ್ನೂ ಬಿಡಲಿಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿ ನೌಕಾಪಡೆಯೊಡನೆ ತೆಂಕಣಕ್ಕೆ ಬಂದು ಶ್ರೀಮಂತ ರೇವಾಗಿದ್ದ ಬಸರೂರನ್ನು ಸೂರೆಗೊಂಡ. ಬರುವಾಗ ಗಾಳಿ ಬೆನ್ನಿಗಿತ್ತು. ಮರಳುವಾಗ ಅದೇ ಗಾಳಿ ಎದುರಾಗಿ ಅವನನ್ನು ದಿನಗಟ್ಟಲೆ ತಡೆದು ನಿಲ್ಲಿಸಿತೆಂದು ಇತಿಹಾಸಕಾರ ಗ್ರಾಂಟ್ ಡಫ್ ಬರೆದಿದ್ದಾನೆ. ಗೋಕರ್ಣದಲ್ಲಿ ಶಿವರಾತ್ರಿ ಮುಗಿಸಿದ ಶಿವಾಜಿ ಪಡೆಯ ಹೆಚ್ಚಿನ ಪಾಲನ್ನು ಕಳಿಸಿಕೊಟ್ಟು ಅಂಕೋಲೆ, ಕಾರವಾರಗಳ ನೆಲದ ದಾರಿ ಹಿಡಿದ. ಅವನು ಸ್ವತಃ ಹಡಗೇರಿ ನಡೆಸಿದ ದಂಡಯಾತ್ರೆ ಅದೊಂದೇ.

ಗಾಳಿ, ನೀರು ಎರಡೂ ಒಲಿದರೂ ಮನುಷ್ಯರು ಒಲಿಯಬೇಕಲ್ಲ. 1342ರ ಸುಮಾರಿಗೆ ಇದೇ ದಾರಿಯಲ್ಲಿ ಹೊನ್ನಾವರ, ಬಸರೂರು, ಬಾರ್ಕೂರು, ಮಂಗಳೂರುಗಳನ್ನು ಕಂಡುಹೋದ ಇಬ್ನ್ ಬತೂತ ಒಂದು ಪದ್ಧತಿಯನ್ನು ದಾಖಲಿಸಿದ್ದಾನೆ. ದಾರಿಯಲ್ಲಿ ಸಿಗುವ ರೇವಿನಲ್ಲಿ ಲಂಗರು ಹಾಕಿ ಅಲ್ಲಿನ ಅರಸನಿಗೆ ಕಾಣಿಕೆ ಸಲ್ಲಿಸಿಯೇ ಮುಂದೆ ಹೋಗಬೇಕು. ತಪ್ಪಿಸಿಕೊಂಡವರನ್ನು ಅಟ್ಟಿ ಹಿಡಿದು ತಂದು, ಸುಂಕವನ್ನು ಇಮ್ಮಡಿ ವಸೂಲು ಮಾಡಿ, ಇಷ್ಟ ಬಂದಷ್ಟು ದಿನ ತಡೆದಿಡುತ್ತಿದ್ದರಂತೆ. ಹಾಗಾಗಿ ಅಕ್ಕಿ, ಕುಡಿಯುವ ನೀರಿನ ಪಟ್ಟಿಯಲ್ಲಿ ಕಾಣಿಕೆಯೂ ಸೇರಬೇಕಿತ್ತು.

ಕಾರವಾರದ ಬಳಿಯ ಅಂಜುದೀವ್ ದ್ವೀಪದ್ದು ಇನ್ನೊಂದು ಕಥೆ. 1498ರಲ್ಲಿ ವಾಸ್ಕೋ ಡ ಗಾಮ ಮರುಪಯಣದಲ್ಲಿ ತನ್ನ ಹಡಗುಗಳ ದುರಸ್ತಿಗೂ ಸಿಹಿನೀರಿಗೂ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ಅವರ ಬಾವುಟ ಅಲ್ಲಿಂದ ಇಳಿದದ್ದು 1961ರ ಡಿಸೆಂಬರಿನಲ್ಲಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ದ್ವೀಪದಿಂದ ಪ್ರಯಾಣಿಕರ ಹಡಗು ‘ಸಾಬರಮತಿ’ಯ ಮೇಲೆ ಗುಂಡು ಹಾರಿಸಲಾಗಿತ್ತು. ಕಾರವಾರದ ಮೀನುಗಾರರಿಗೆ ತಮ್ಮದೇ ಊರಿನ ಮುಂದಿನ ಕಡಲಿನಲ್ಲಿ ಬೇರೆ ದೇಶದ ಬಂದೂಕಿನ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗಿತ್ತು.

ದೀಪಸ್ತಂಭಗಳು ಬಂದದ್ದರಿಂದ ರಾತ್ರಿಯ ಭಯ ಸ್ವಲ್ಪ ಕಡಿಮೆಯಾಯಿತು. ಕಾರವಾರದೆದುರಿನ ಆಯ್‌ಸ್ಟರ್ ರಾಕ್ ದೀಪ 1864ರದ್ದು, ಕಾಪುವಿನದ್ದು 1901ರದ್ದು. ಆದರೆ ದೀಪ ಹೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನು ಮಾತ್ರ. ಅಳಿವೆಯ ಮರಳು ಈಗ ಎಲ್ಲಿದೆ ಎಂಬುದನ್ನು ಅದು ಹೇಳದು.

ನಿಜವಾದ ಬದಲಾವಣೆ ತಂದದ್ದು ಎಂಜಿನ್. ನಾರ್ವೆಯ ನೆರವಿನಿಂದ 1950ರ ದಶಕದ ಆರಂಭದಲ್ಲಿ ಕೇರಳದ ನೀಂಡಕರದ ಸುತ್ತ ಮೊದಲಾದ ಮೀನುಗಾರಿಕೆ ಯೋಜನೆ ಮುಂದಿನ ದಶಕದಲ್ಲಿ ಕಾರವಾರಕ್ಕೂ ಬಂತು. ಹಾಯಿ, ಹುಟ್ಟುಗಳ ಜಾಗದಲ್ಲಿ ಡೀಸೆಲ್ ಗುಡುಗತೊಡಗಿತು. ಆಮೇಲೆ ನಾಡದೋಣಿಗಳ ಹಿಂಬದಿಗೂ ಸೀಮೆಎಣ್ಣೆಯ ಔಟ್‌ಬೋರ್ಡ್ ಯಂತ್ರಗಳು ಏರಿದವು. ವಾಯವ್ಯ ಗಾಳಿಗೆ ಎದುರಾಗಿ ಹೋಗುವುದು ಸಾಧ್ಯವಾಯಿತು. ಆದರೆ ಗಾಳಿಯ ಸಾಲ ತೀರಿತೆನ್ನುವಷ್ಟರಲ್ಲಿ ಎಣ್ಣೆಯ ಸಾಲ ಶುರುವಾಯಿತು.

ಲೆಕ್ಕ ನೋಡಿ. ಸಮುದ್ರದ ಮೇಲೆ ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 125 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಯೆಂದರೆ 1,852 ಮೀಟರು. ಗಂಟೆಗೆ ಆರು ನಾಟಿಕಲ್ ಮೈಲಿ ಓಡುವ ದೋಣಿಗೆ ಎಡೆಬಿಡದೆ 21 ಗಂಟೆ ಬೇಕು. ಹಗಲಲ್ಲಷ್ಟೇ ಓಡುವುದಾದರೆ ಮೂರು ದಿನದ ಪಯಣ. ಮೊದಲ ದಿನ ಮಲ್ಪೆ, ಎರಡನೆಯ ದಿನ ಭಟ್ಕಳ. ಎರಡೂ ಐದಾರು ಗಂಟೆಯ ದಾರಿ. ಮೂರನೆಯ ದಿನದ ಕಾರವಾರದ ಹಾದಿ ಒಂಬತ್ತು ಗಂಟೆಗೂ ಮೀರಿದ್ದು, ಮಧ್ಯಾಹ್ನದ ಗಾಳಿ ಎದುರು ಬೀಳುವಂಥದ್ದು. ಅಂದು ಕತ್ತಲಿರುವಾಗಲೇ ಹೊರಡಬೇಕು, ಹೊನ್ನಾವರ ಅಥವಾ ತದಡಿಯಲ್ಲಿ ನಿಲ್ಲುವ ಅವಕಾಶವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿಲ್ಲುವುದಾದರೆ ಮತ್ತೆ ಅಳಿವೆ, ಮತ್ತೆ ಉಬ್ಬರದ ಹೊತ್ತು. ಎಣ್ಣೆಯನ್ನು ಮೂರು ಪಾಲು ಮಾಡಿ, ಒಂದು ಪಾಲು ಹೋಗಲು, ಒಂದು ಮರಳಲು, ಒಂದು ಮುಟ್ಟದೆ ಉಳಿಸಲು ಎನ್ನುವುದು ಸಣ್ಣ ಯಂತ್ರದೋಣಿಯವರ ರೂಢಿ. ಎದುರು ಗಾಳಿಯಲ್ಲಿ ಎಣ್ಣೆ ಎಷ್ಟು ಬೇಗ ಕರಗುತ್ತದೆಂಬುದು ಗೊತ್ತಿದ್ದವರು ಮಾಡಿದ ಲೆಕ್ಕವಿದು. ಹಾಯಿ ಹರಿದರೆ ಹೊಲಿಯಬಹುದಿತ್ತು. ನಿಂತ ಎಂಜಿನ್ನಿಗೆ ಬಿಡಿಭಾಗ ದೋಣಿಯಲ್ಲೇ ಇರಬೇಕು.

ಈಗ ಉಪಗ್ರಹ ದಾರಿ ತೋರಿಸುತ್ತದೆ, ಹವಾಮಾನದ ಎಚ್ಚರಿಕೆ ಮೊಬೈಲಿಗೇ ಬರುತ್ತದೆ. ನೂಲ ಹುಣ್ಣಿಮೆಯ ಕಟ್ಟು ಸರ್ಕಾರಿ ಆದೇಶವಾಗಿದೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಲವಾದ ಯಂತ್ರ, ಮಂಜುಗಡ್ಡೆಯ ದಾಸ್ತಾನು ಇರುವ ದೋಣಿಗಳು ವಾರಗಟ್ಟಲೆ ಹೊರಗಿದ್ದು ಗೋವೆ, ಮಹಾರಾಷ್ಟ್ರಗಳ ನೀರಿಗೂ ಹೋಗುತ್ತವೆ. ದೂರ ಹೋದಷ್ಟೂ ಅಳಿವೆಯ ಭಯ ಹಿಂದೆ ಉಳಿಯುತ್ತದೆ, ದಡದಿಂದ ಯಾರೂ ಕಾಣದ ಜಾಗದ ಭಯ ಮುಂದೆ ಬರುತ್ತದೆ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಅಂಥದೊಂದು ದೋಣಿ. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಮೀನುಗಾರರಿದ್ದರು. ಕಾಲ ಒಳ್ಳೆಯದು, ಮಳೆ ಮುಗಿದು ಎಷ್ಟೋ ದಿನಗಳಾಗಿದ್ದವು. ಎರಡು ಮೂರು ದಿನಗಳಲ್ಲಿ ದೋಣಿಯ ಸಂಪರ್ಕ ಕಡಿದುಹೋಯಿತು. ಮಲ್ಪೆಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದು ಹುಡುಕಾಟಕ್ಕೆ ಒತ್ತಾಯಿಸಿದರು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದಿಂದ 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಪತ್ತೆಹಚ್ಚಿತು. ಆ ಏಳು ಮನೆಗಳವರು ಅಷ್ಟರಲ್ಲಿ ನಾಲ್ಕೂವರೆ ತಿಂಗಳು ಕಾದಿದ್ದರು.