ಲೆಕ್ಕದ ಸತ್ಯ: ಸಾವುಕಾರನ ಕೀರ್ದಿಯಿಂದ ನಿಗಮದ ಅಢಾವೆ ಪತ್ರಿಕೆಯವರೆಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳು ಮಳೆಯನ್ನೇ ನಂಬಿದ ಬಿಳಿಜೋಳದ ಸೀಮೆ. ಮಳೆ ತಪ್ಪಿದ ವರ್ಷ ಒಕ್ಕಲಿಗನಿಗೆ ಉಳಿಯುತ್ತಿದ್ದ ದಾರಿ ಸಾಲವೊಂದೇ. 1876-78ರ ಭೀಕರ ಬರಗಾಲವು ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶವನ್ನು ತೀವ್ರವಾಗಿ ಬಾಧಿಸಿತು. ಸಾಲದ ಲೆಕ್ಕವಿರುತ್ತಿದ್ದುದು ಸಾವುಕಾರನ ಕೀರ್ದಿ-ಖಾತೆಗಳಲ್ಲಿ. ಪ್ರಾಮಾಣಿಕರಾದ ಸಾವುಕಾರರೂ ಇದ್ದರು. ಆದರೆ ಹೆಬ್ಬೆಟ್ಟು ಒತ್ತಿದ ಸಾಲಗಾರನಿಗೆ ತನ್ನ ಹೆಸರಿನ ಮುಂದೆ ಏನು ಬರೆದಿದೆಯೆಂದು ತಿಳಿಯುವ ಉಪಾಯವಿರಲಿಲ್ಲ.

1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾವುಕಾರರ ದಸ್ತಾವೇಜುಗಳನ್ನು ಕಸಿದು ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಇಂಡಿಗೆ ಹೊಂದಿಕೊಂಡ ಸೊಲ್ಲಾಪುರವೂ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ ಮೊದಲು ಜಾರಿಯಾದ ಈ ಕಾಯಿದೆ, ಮುಂದೆ ಮುಂಬಯಿ ಪ್ರಾಂತ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಹಣ ಕಟ್ಟಿದ ರೈತನಿಗೆ ಬರವಣಿಗೆಯ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ವಿವರ, ಬೇಡಿದರೆ ಪಾಸ್‌ಬುಕ್ಕು ದೊರೆಯಬೇಕೆಂದು ಅದು ವಿಧಿಸಿತು. 1946ರ ಮುಂಬಯಿ ಲೇವಾದೇವಿದಾರರ ಕಾಯಿದೆಯು ನಗದು ಪುಸ್ತಕ ಮತ್ತು ಖಾತೆ ಪುಸ್ತಕಗಳನ್ನು ಗೊತ್ತುಪಡಿಸಿದ ನಮೂನೆಯಲ್ಲಿಯೇ ಇಡಬೇಕೆಂದಿತು. ಲೆಕ್ಕವು ಬರೆದವನ ಖಾಸಗಿ ಸ್ವತ್ತಲ್ಲ, ಅದರಿಂದ ಯಾರ ಬದುಕು ಬದಲಾಗುವುದೋ ಅವರಿಗೂ ಅದನ್ನು ನೋಡುವ ಹಕ್ಕುಂಟು ಎಂಬ ತತ್ತ್ವವು ಈ ನೆಲಕ್ಕೆ ಕಾಯಿದೆಯ ರೂಪದಲ್ಲಿ ಬಂದುದು ಹೀಗೆ.

ಅದೇ ತತ್ತ್ವವು ಮತ್ತೊಮ್ಮೆ ಪರೀಕ್ಷೆಗೊಳಗಾದುದು ಕೃಷ್ಣಾ ನದಿಯ ದಂಡೆಯಲ್ಲಿ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಿಲಾನ್ಯಾಸ ಮಾಡಿದರು. ಆಗ ಬಾಗೇವಾಡಿ ತಾಲೂಕಿನಲ್ಲಿದ್ದ ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದಿತು. ಬಾಗೇವಾಡಿ, ಮುದ್ದೇಬಿಹಾಳಗಳ ನದಿಬದಿಯ ರೈತರು ಭೂಮಿ ಕಳೆದುಕೊಂಡರು. ದೂರದ ಸಿಂದಗಿ, ಇಂಡಿಗಳ ರೈತರು ನಾರಾಯಣಪುರ ಎಡದಂಡೆಯಿಂದ ಹೊರಟ ಇಂಡಿ ಶಾಖಾ ಕಾಲುವೆಯ ನೀರಿಗಾಗಿ ಕಾದರು. ಒಬ್ಬರ ನಷ್ಟ, ಇನ್ನೊಬ್ಬರ ನಿರೀಕ್ಷೆ ಎರಡೂ ಒಂದೇ ಯೋಜನೆಯ ಲೆಕ್ಕಕ್ಕೆ ಸೇರಿದ್ದವು.

ಮೂರು ದಶಕಗಳ ಕಾಲ ಆ ಲೆಕ್ಕವನ್ನು ಸರಕಾರಿ ಇಲಾಖೆಯ ನಗದು ಪದ್ಧತಿಯಲ್ಲಿ ಬರೆಯಲಾಯಿತು. ಹಣ ಪಾವತಿಯಾದ ದಿನವೇ ಖರ್ಚು ಬೀಳುವ ಈ ಪದ್ಧತಿಯಲ್ಲಿ ಇನ್ನೂ ಕೊಡದ ಹಣಕ್ಕೆ ಸ್ಥಾನವಿಲ್ಲ. ಕಾಮಗಾರಿಗೆ ಬಾಂಡುಗಳ ಮೂಲಕ ಹಣ ಕೂಡಿಸಿ ಯೋಜನೆಯನ್ನು ಬೇಗ ಮುಗಿಸುವ ಉದ್ದೇಶದಿಂದ 1994ರ ಆಗಸ್ಟಿನಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವು 1956ರ ಕಂಪನಿ ಕಾಯಿದೆಯಡಿ ಸ್ಥಾಪನೆಯಾಯಿತು. ಆ ವೇಳೆಗೆ ಕಂಪನಿಗಳ ಲೆಕ್ಕದ ನಿಯಮಗಳು ಬಿಗಿಯಾಗಿದ್ದವು. 1988ರ ತಿದ್ದುಪಡಿಯು ಹಕ್ಕು ಅಥವಾ ಹೊಣೆ ಹುಟ್ಟಿದಾಗಲೇ ಬರೆದುಕೊಳ್ಳುವ ಪದ್ಧತಿಯನ್ನು ಕಡ್ಡಾಯಗೊಳಿಸಿತ್ತು. ತಾನು ಅನುಸರಿಸುವ ಲೆಕ್ಕನೀತಿಗಳನ್ನು ಕಂಪನಿಯು ಬಹಿರಂಗಪಡಿಸಬೇಕೆಂಬ ಮೊದಲನೆಯ ಲೆಕ್ಕಮಾನದಂಡವು 1979ರಲ್ಲಿ ಪ್ರಕಟವಾಗಿ, 1991ರ ಏಪ್ರಿಲ್ 1ರಿಂದ ಕಡ್ಡಾಯವಾಗಿತ್ತು. ಅಢಾವೆ ಪತ್ರಿಕೆಯಲ್ಲಿ ಕಾಲುವೆಯು ಆಸ್ತಿಯಾಗಿ ಕಾಣಿಸಿಕೊಂಡರೆ, ಎದುರು ಬದಿಯಲ್ಲಿ ಸಾಲ ಮತ್ತು ಬಾಕಿಗಳೂ ನಿಲ್ಲಲೇಬೇಕಾಯಿತು.

ಇದು ಕೇವಲ ಲೆಕ್ಕಿಗರ ವಿಷಯವೆಂದು ತಿಳಿಯುವಂತಿಲ್ಲ. 1894ರ ಭೂಸ್ವಾಧೀನ ಕಾಯಿದೆಯಲ್ಲಿ, 1984ರ ತಿದ್ದುಪಡಿಯ ತರುವಾಯ, ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 30 ಸಾಂತ್ವನ ಧನ ಸೇರುತ್ತಿತ್ತು. ಪರಿಹಾರ ಸಾಲದೆಂದು ರೈತನು ನ್ಯಾಯಾಲಯದ ಮೊರೆ ಹೋಗಬಹುದಾಗಿತ್ತು. ನ್ಯಾಯಾಲಯ ಹೆಚ್ಚಿಸಿದ ಮೊತ್ತಕ್ಕೆ, ಜಮೀನು ವಶಕ್ಕೆ ಹೋದ ದಿನದಿಂದ ಮೊದಲ ವರ್ಷ ಶೇಕಡಾ 9ರಂತೆ, ಆಮೇಲೆ ಶೇಕಡಾ 15ರಂತೆ ಬಡ್ಡಿ. ಅಂದರೆ ಒಂದು ಲಕ್ಷ ರೂಪಾಯಿಯ ಹೆಚ್ಚಳವು ಬಾಕಿ ಉಳಿದರೆ ಎರಡನೆಯ ವರ್ಷದಿಂದ ಪ್ರತಿವರ್ಷ 15 ಸಾವಿರ ರೂಪಾಯಿ ಏರುತ್ತಿತ್ತು. ನಗದು ಪುಸ್ತಕದಲ್ಲಿ ಈ ಏರಿಕೆಗೆ ಒಂದು ಸಾಲೂ ಇರದು.

2004ರ ಏಪ್ರಿಲ್‌ನಿಂದ ಜಾರಿಯಾದ ಇಪ್ಪತ್ತೊಂಬತ್ತನೆಯ ಮಾನದಂಡವು ಇಂತಹ ಸಂಗತಿಗಳಿಗೆ ಒಂದು ಗೆರೆ ಎಳೆಯಿತು. ಹಣ ಕೊಡಬೇಕಾಗಿ ಬರುವ ಸಂಭವ ಹೆಚ್ಚಿದ್ದು, ಮೊತ್ತವನ್ನು ಅಂದಾಜಿಸಲು ಸಾಧ್ಯವಿದ್ದರೆ ಅದನ್ನು ಹೊಣೆಯಾಗಿಯೇ ಬರೆಯಬೇಕು. ಸಂಭವ ಅಷ್ಟಿಲ್ಲದಿದ್ದರೆ ಟಿಪ್ಪಣಿಯಲ್ಲಿ ತಿಳಿಸಬೇಕು. ಗೆರೆಯ ಯಾವ ಬದಿಗೆ ಒಂದು ದಾವೆಯನ್ನು ಇಡುವುದೆಂಬ ವಿವೇಚನೆ ಮಾತ್ರ ಬರೆಯುವವರ ಕೈಯಲ್ಲಿಯೇ ಉಳಿಯಿತು.

2015ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಮಾನದಂಡಗಳಿಗೆ ಹೊಂದುವ ಹೊಸ ಭಾರತೀಯ ಲೆಕ್ಕಮಾನದಂಡಗಳು ಪ್ರಕಟವಾದವು. 500 ಕೋಟಿ ರೂಪಾಯಿ ಅಥವಾ ಅದಕ್ಕೆ ಮಿಗಿಲಾದ ನಿವ್ವಳ ಸಂಪತ್ತುಳ್ಳ ಕಂಪನಿಗಳಿಗೆ 2016ರ ಏಪ್ರಿಲ್ 1ರಿಂದ ಅವು ಕಡ್ಡಾಯವಾದವು. ಬ್ಯಾಂಕು, ವಿಮಾ ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಹೊರಗುಳಿದವು. ಎನ್‌ಟಿಪಿಸಿಯೂ ಈ ಮೊದಲ ಗುಂಪಿಗೆ ಸೇರಿತ್ತು. ಆಗ ಬಾಗೇವಾಡಿ ತಾಲೂಕಿನಲ್ಲಿದ್ದ ಕೂಡಗಿಯ ಅದರ ವಿದ್ಯುತ್ ಸ್ಥಾವರದ ಮೊದಲ ಘಟಕವು 2017ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದಾಗ ಹೊಸ ಲೆಕ್ಕವೇ ನಡೆಯುತ್ತಿತ್ತು. ಹೊಸ ಪದ್ಧತಿಗೆ ದಾಟುವ ಕಂಪನಿಯು ಹಿಂದಿನ ವರ್ಷದ ಅಂಕಿಗಳನ್ನು ಹೊಸ ರೀತಿಯಲ್ಲಿ ಮತ್ತೆ ಬರೆದು, ಹಳೆಯ ಲಾಭಕ್ಕೂ ಹೊಸ ಲಾಭಕ್ಕೂ ವ್ಯತ್ಯಾಸವೇಕೆಂದು ಬಾಬುವಾರು ತೋರಿಸಬೇಕು. ಇದು ಆ ನಿಯಮಗಳಲ್ಲಿ ಅತ್ಯಂತ ಮೆಚ್ಚತಕ್ಕ ಅಂಶ.

ಹೊಸದಾದುದೆಲ್ಲ ಬಾಕಿದಾರನಿಗೆ ಅನುಕೂಲವೆಂದು ಹೇಳಲಾಗದು. ಹತ್ತು ವರ್ಷಗಳ ನಂತರ ಕೊಡಬೇಕಾದ ನೂರು ರೂಪಾಯಿಯನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಬರೆಯಲು ಹೊಸ ಮಾನದಂಡ ಹೇಳುತ್ತದೆ. ಆಗ ಹೊಣೆ ಇಂದು ಕಿರಿದಾಗಿ ಕಾಣುತ್ತದೆ. ಮಾನದಂಡಗಳಿದ್ದೂ ಹೈದರಾಬಾದಿನ ಸತ್ಯಂ ಕಂಪನಿಯ ಪುಸ್ತಕದಲ್ಲಿ ಇಲ್ಲದ ಹಣ ಇದ್ದಂತೆ ಬರೆಯಲ್ಪಟ್ಟಿತ್ತೆಂಬುದು 2009ರ ಜನವರಿಯಲ್ಲಿ ಬಯಲಾಯಿತು.

ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೊಡನೆ ನ್ಯಾಸಾಪಹಾರವನ್ನೂ ಎಣಿಸಲಾಗಿದೆ. ಮೊದಲನೆಯದು ಸುಳ್ಳು ಬರೆಯುವುದು. ಎರಡನೆಯದು ಇನ್ನೂ ಸೂಕ್ಷ್ಮವಾದುದು: ಇಟ್ಟ ಹಣದ ಮೊತ್ತವನ್ನು ಮರೆತವನು ಕಡಿಮೆ ಕೇಳಿದಾಗ, ಅಷ್ಟೇ ಕೊಟ್ಟು ಸುಮ್ಮನಾಗುವುದು. ಸತ್ಯಂ ಪ್ರಕರಣದಂಥ ಸುಳ್ಳನ್ನು ಲೆಕ್ಕ ಪರಿಶೋಧನೆ ಇಂದಲ್ಲ ನಾಳೆ ಹಿಡಿದೀತು. ಆದರೆ ತನಗೆ ಎಷ್ಟು ಬರಬೇಕೆಂದು ತಿಳಿಯದ ರೈತನ ಬಾಕಿಯನ್ನು ಟಿಪ್ಪಣಿಯ ಮೂಲೆಗೆ ಸರಿಸಿದವನು ಯಾವ ನಿಯಮವನ್ನೂ ಮುರಿಯದೆ ಇರಬಹುದು. ಅಲ್ಲಿ ಉಳಿಯುವ ಕಾವಲು ಲೇಖನಿ ಹಿಡಿದವನ ಅಂತಃಸಾಕ್ಷಿಯೇ. 1879ರಲ್ಲಿ ರಸೀದಿ ಕೇಳುವ ಹಕ್ಕು ಪಡೆದ ರೈತನ ಮೊಮ್ಮಕ್ಕಳು ಇಂದು ಅಢಾವೆ ಪತ್ರಿಕೆಯ ಆಚೆ ಬದಿಯಲ್ಲಿ ನಿಂತಿದ್ದಾರೆ. ಅವರ ಹೆಸರಿನ ಮುಂದೆ ಬರೆದುದನ್ನು ಅವರಿಗೆ ಓದಿ ಹೇಳುವ ಹೊಣೆಯು ಬರೆದವರ ಮೇಲೆಯೇ ಇದೆ.