ಬಹುಪ್ರೊಸೆಸರ್ ಗಣಕಯಂತ್ರಗಳಲ್ಲಿ ಕಾಲಗಣನೆ

ಗಣಕಯಂತ್ರದ ಆಪರೇಟಿಂಗ್ ಸಿಸ್ಟಂ ತನ್ನ ಅಧಿಕಾರವನ್ನು ನಡೆಸುವುದು ಬಹುಮಟ್ಟಿಗೆ ಗಡಿಯಾರದ ಬಲದಿಂದ. ನಿಯತಕಾಲಕ್ಕೊಮ್ಮೆ ಗಡಿಯಾರವು ಸಂಕೇತವೊಂದನ್ನು ಕಳುಹಿಸುತ್ತದೆ. ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ತಡೆದು ಆ ವ್ಯವಸ್ಥೆಯ ಆಜ್ಞೆಗೆ ಒಳಪಡುತ್ತದೆ. ಇದಕ್ಕೆ ಕ್ಲಾಕ್ ಇಂಟರಪ್ಟ್ ಎಂದು ಹೆಸರು. ಈ ತಡೆಯಿಲ್ಲದಿದ್ದರೆ, ಒಮ್ಮೆ ಪ್ರೊಸೆಸರನ್ನು ಹಿಡಿದ ಪ್ರೋಗ್ರಾಂ ತಾನಾಗಿ ಬಿಡುವವರೆಗೆ ಉಳಿದವುಗಳಿಗೆ ಸರದಿ ಬಾರದು. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರದರ್ಶಿಸಿದ ಸಿ.ಟಿ.ಎಸ್.ಎಸ್. ವ್ಯವಸ್ಥೆಯಿಂದ ಮುಂದೆ ಬೆಳೆದ ಕಾಲಹಂಚಿಕೆಯ ಪದ್ಧತಿಗೆ ಇದೇ ಆಧಾರ.

1970ರ ದಶಕದಲ್ಲಿ ಪಿ.ಡಿ.ಪಿ.-11 ಯಂತ್ರದ ಮೇಲೆ ನಡೆಯುತ್ತಿದ್ದ ಯೂನಿಕ್ಸ್, ವಿದ್ಯುತ್ ಸರಬರಾಜಿನ ಆವರ್ತನವನ್ನೇ ಅನುಸರಿಸಿ ಅಮೆರಿಕದಲ್ಲಿ ಸೆಕೆಂಡಿಗೆ 60 ಬಾರಿ ಇಂಟರಪ್ಟ್ ಪಡೆಯುತ್ತಿತ್ತು. ಪ್ರತಿಯೊಂದು ಇಂಟರಪ್ಟ್ ಬಂದಾಗಲೂ ಎರಡು ಕಾರ್ಯಗಳು ನಡೆಯಬೇಕಾಗಿದ್ದವು: ಯಂತ್ರದ ಕಾಲವನ್ನು ಒಂದು ಹೆಜ್ಜೆ ಮುಂದೂಡುವುದು, ನಡೆಯುತ್ತಿರುವ ಪ್ರೋಗ್ರಾಮಿನ ಲೆಕ್ಕಕ್ಕೆ ಅಷ್ಟು ಕಾಲವನ್ನು ಬರೆದು, ಅದರ ಸರದಿ ಮುಗಿಯಿತೇ ಎಂದು ನೋಡುವುದು. ಪ್ರೊಸೆಸರು ಒಂದೇ ಆಗಿದ್ದುದರಿಂದ ಈ ಎರಡು ಕರ್ತವ್ಯಗಳನ್ನು ಬೇರ್ಪಡಿಸುವ ಅಗತ್ಯವೇ ಬೀಳಲಿಲ್ಲ.

ಪ್ರೊಸೆಸರುಗಳು ಹಲವಾದೊಡನೆ ತೊಡಕು ತಲೆದೋರಿತು. ಕಾಲೇಜೊಂದನ್ನು ನೆನೆಯೋಣ. ಅಲ್ಲಿ ಗಂಟೆ ಬಾರಿಸುವವನು ಒಬ್ಬನೇ. ಹಾಜರಿ ತೆಗೆದುಕೊಳ್ಳುವವರು ಆಯಾ ತರಗತಿಯ ಅಧ್ಯಾಪಕರು. ಅಧ್ಯಾಪಕರೆಲ್ಲರೂ ಗಂಟೆ ಬಾರಿಸತೊಡಗಿದರೆ ದಿನವು ಮಧ್ಯಾಹ್ನಕ್ಕೆ ಮೊದಲೇ ಮುಗಿದೀತು. ಗಂಟೆಯವನೇ ಎಲ್ಲರ ಹಾಜರಿಯನ್ನೂ ಬರೆಯಹೊರಟರೆ ಯಾವ ತರಗತಿಯ ಲೆಕ್ಕವೂ ಸರಿಯಾಗದು. ಹಾಗೆಯೇ ನಾಲ್ಕು ಪ್ರೊಸೆಸರುಗಳೂ ಕಾಲವನ್ನು ಮುಂದೂಡಿದರೆ ಅದು ನಾಲ್ಕು ಪಟ್ಟು ವೇಗದಲ್ಲಿ ಓಡುತ್ತದೆ. ಒಂದೇ ಪ್ರೊಸೆಸರು ಇಂಟರಪ್ಟ್ ಪಡೆದರೆ ಉಳಿದ ಮೂರರಲ್ಲಿ ಸರದಿಯ ನ್ಯಾಯ ಉಳಿಯುವುದಿಲ್ಲ.

ಪರಿಹಾರಕ್ಕೆ ಯಂತ್ರರಚನೆಯೇ ದಾರಿಮಾಡಿತು. 1994ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಎರಡನೆಯ ಪೀಳಿಗೆಯ ಪೆಂಟಿಯಂ ಪ್ರೊಸೆಸರಿನೊಳಗೇ ಲೋಕಲ್ ಏಪಿಕ್ ಎಂಬ ಭಾಗವೂ ಅದರಲ್ಲಿ ಒಂದು ಸ್ವಂತ ಗಡಿಯಾರವೂ ಸೇರಿದ್ದವು. 2001ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 2.4ರಲ್ಲಿ ಕರ್ತವ್ಯಗಳ ವಿಭಜನೆಯು ಸ್ಪಷ್ಟವಾಗಿ ಕಾಣುತ್ತದೆ: ಇಡೀ ಯಂತ್ರದ ಕಾಲವನ್ನು ನಡೆಸುವುದು ಹೊರಗಿನ ಸಾಮಾನ್ಯ ಗಡಿಯಾರ; ಪ್ರೋಗ್ರಾಮುಗಳ ಲೆಕ್ಕವನ್ನು ಇಡುವುದು ಪ್ರತಿಯೊಂದು ಪ್ರೊಸೆಸರಿನ ಸ್ವಂತ ಗಡಿಯಾರ. ಎಲ್ಲ ಗಡಿಯಾರಗಳೂ ಒಂದೇ ಕ್ಷಣದಲ್ಲಿ ಬಡಿದರೆ ಪ್ರೊಸೆಸರುಗಳು ಒಂದೇ ಬೀಗಕ್ಕಾಗಿ ಕಾದು ನಿಲ್ಲಬೇಕಾಗುವುದರಿಂದ, ಅವುಗಳ ಬಡಿತಗಳನ್ನು ತುಸು ಹಿಂದುಮುಂದಾಗಿ ಹೊಂದಿಸಲಾಗುತ್ತಿತ್ತು.

ಅನಂತರ ಎದುರಾದುದು ವ್ಯರ್ಥವ್ಯಯದ ಪ್ರಶ್ನೆ. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6, ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಇಂಟರಪ್ಟುಗಳ ಸಂಖ್ಯೆಯನ್ನು ಸೆಕೆಂಡಿಗೆ 100ರಿಂದ 1000ಕ್ಕೆ ಏರಿಸಿತು. ಎಂಟು ಪ್ರೊಸೆಸರುಗಳ ಯಂತ್ರದಲ್ಲಿ ಇದು ಸೆಕೆಂಡಿಗೆ 8000 ಆಗುತ್ತದೆ. ಮಾಡಲು ಕೆಲಸವಿಲ್ಲದೆ ಸುಮ್ಮನಿರುವ ಪ್ರೊಸೆಸರೂ ಸಾವಿರ ಬಾರಿ ಎಚ್ಚೆತ್ತು ವಿದ್ಯುತ್ತನ್ನು ವ್ಯಯಿಸುತ್ತದೆ. 2005ರಲ್ಲಿ ಈ ಸಂಖ್ಯೆಯನ್ನು ಸಾಮಾನ್ಯವಾಗಿ 250ಕ್ಕೆ ಇಳಿಸಲಾಯಿತು. ಥಾಮಸ್ ಗ್ಲೈಕ್ಸ್‌ನರ್, ಇಂಗೋ ಮೋಲ್ನಾರ್ ಮೊದಲಾದವರ ಪರಿಶ್ರಮದಿಂದ 2007ರ 2.6.21ನೆಯ ಆವೃತ್ತಿಯಲ್ಲಿ, ಕೆಲಸವಿಲ್ಲದ ಪ್ರೊಸೆಸರಿನ ಬಡಿತವನ್ನೇ ನಿಲ್ಲಿಸುವ ಕ್ರಮವು ಜಾರಿಗೆ ಬಂದಿತು. ಕಾಲದ ಹೊಣೆ ಹೊತ್ತ ಪ್ರೊಸೆಸರು ವಿಶ್ರಮಿಸಹೊರಟರೆ ಆ ಹೊಣೆಯನ್ನು ಬೇರೊಂದು ವಹಿಸಿಕೊಳ್ಳುತ್ತದೆ. ಎಲ್ಲವೂ ವಿಶ್ರಮಿಸಿದರೆ, ಮೊದಲು ಎಚ್ಚೆತ್ತದ್ದು ಯಂತ್ರದ ಎಣಿಕೆಯ ಸಾಧನವನ್ನು ನೋಡಿ ಕಳೆದ ಕಾಲವನ್ನು ತುಂಬಿಕೊಳ್ಳುತ್ತದೆ. 2013ರ 3.10ನೆಯ ಆವೃತ್ತಿಯು, ಒಂದೇ ಪ್ರೋಗ್ರಾಮನ್ನು ನಡೆಸುತ್ತಿರುವ ಪ್ರೊಸೆಸರಿನ ಬಡಿತವನ್ನೂ ಬಹುಮಟ್ಟಿಗೆ ನಿಲ್ಲಿಸಲು ಅವಕಾಶ ಕಲ್ಪಿಸಿತು. ಆದರೆ ಇದಕ್ಕೊಂದು ನಿಬಂಧನೆಯಿತ್ತು: ಕಾಲವನ್ನು ನೋಡಿಕೊಳ್ಳಲು ಒಂದು ಪ್ರೊಸೆಸರಾದರೂ ಎಂದಿನಂತೆ ಎಚ್ಚರವಾಗಿರಬೇಕು.

ಈ ನಿಬಂಧನೆಯಲ್ಲಿಯೇ ಈ ಇತಿಹಾಸದ ತಾತ್ಪರ್ಯವು ಅಡಗಿದೆ. ಕೆಲಸವನ್ನು ಎಷ್ಟು ಪ್ರೊಸೆಸರುಗಳಿಗಾದರೂ ಹಂಚಬಹುದು, ಲೆಕ್ಕವನ್ನೂ ಹಂಚಬಹುದು. ಕಾಲದ ಹೊಣೆಯನ್ನು ಮಾತ್ರ ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಬಹುದೇ ಹೊರತು ಪಾಲು ಮಾಡಲಾಗುವುದಿಲ್ಲ. ಬಹುಪ್ರೊಸೆಸರ್ ಯಂತ್ರವು ಒಂದೇ ಯಂತ್ರವಾಗಿ ಉಳಿದಿರುವುದಕ್ಕೆ ಈ ಅವಿಭಕ್ತ ಕಾಲವೂ ಒಂದು ಮುಖ್ಯ ಕಾರಣ.