ಉಸಿರಿತ್ತ ಕೈಗಳು



ಉಸಿರಾಟವು ನಮ್ಮ ಪ್ರಯತ್ನವನ್ನು ಬೇಡದ ವ್ಯಾಪಾರ. ನಿದ್ರೆಯಲ್ಲಿಯೂ ಅದು ನಿಲ್ಲದು. ಆದುದರಿಂದಲೇ ಅದರ ನೆನಪು ನಮಗೆ ಬಾರದು. ಆದರೆ ೧೯೫೨ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ ನಗರದಲ್ಲಿ ಉಸಿರೆಂಬುದು ಒಬ್ಬರು ಮತ್ತೊಬ್ಬರಿಗೆ ಎಣಿಸಿ ಕೊಡಬೇಕಾದ ವಸ್ತುವಾಯಿತು. ಅದನ್ನು ಕೊಟ್ಟವರು ಯಾರು, ಹೇಗೆ ಕೊಟ್ಟರು ಎಂಬುದೇ ಈ ಭಾಷಣದ ವಿಷಯ.

ಪೋಲಿಯೋ ಹೊಸ ರೋಗವಲ್ಲ. ೧೭೮೯ರಲ್ಲಿ ಇಂಗ್ಲೆಂಡಿನ ಮೈಕೇಲ್ ಅಂಡರ್‌ವುಡ್ಡರೂ, ೧೮೪೦ರಲ್ಲಿ ಜರ್ಮನಿಯ ಯಾಕೋಬ್ ಹೈನೆಯವರೂ ಇದರ ಲಕ್ಷಣಗಳನ್ನು ಬರೆದಿಟ್ಟರು. ೧೯೦೮ರಲ್ಲಿ ವಿಯೆನ್ನಾದ ಲ್ಯಾಂಡ್‌ಸ್ಟೈನರ್ ಮತ್ತು ಪಾಪ್ಪರ್ ಎಂಬವರು ಈ ರೋಗವನ್ನು ಕೋತಿಗಳಿಗೆ ಅಂಟಿಸಿ, ಇದಕ್ಕೆ ಕಾರಣ ವೈರಸ್ಸೆಂಬುದನ್ನು ಸೂಚಿಸಿದರು. ಈ ವೈರಸ್ಸು ಬಾಯಿಯ ಮೂಲಕ ಹೊಕ್ಕು ಕರುಳಿನಲ್ಲಿ ಬೆಳೆಯುತ್ತದೆ. ಬಹುಮಂದಿಗೆ ಅದು ಬಂದುಹೋದುದೇ ತಿಳಿಯದು. ಕೆಲವರಲ್ಲಿ ಮಾತ್ರ ನರಮಂಡಲವನ್ನು ಸೇರಿ, ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಳುವ ನರಕೋಶಗಳನ್ನು ಕೊಲ್ಲುತ್ತದೆ. ಸ್ಪರ್ಶಜ್ಞಾನ ಉಳಿಯುತ್ತದೆ, ಬುದ್ಧಿ ಉಳಿಯುತ್ತದೆ, ಚಲನೆಯೊಂದೇ ಹೋಗುತ್ತದೆ. ಹಾನಿಯು ಮಿದುಳಿನ ಬುಡವನ್ನು ಮುಟ್ಟಿದರೆ ನುಂಗುವ ಶಕ್ತಿಯೂ ಉಸಿರಾಡುವ ಶಕ್ತಿಯೂ ಅಳಿಯುತ್ತವೆ.

ಆ ವರ್ಷ ಕೋಪನ್‌ಹೇಗನ್ನಿಗೆ ಬಂದ ಪಿಡುಗು ಈ ಕೊನೆಯ ಬಗೆಯದಾಗಿದ್ದಿತು. ಸಾಂಕ್ರಾಮಿಕ ರೋಗಗಳ ಬ್ಲೆಗ್ಡಾಮ್ ಆಸ್ಪತ್ರೆಗೆ ದಿನಕ್ಕೆ ಹತ್ತಾರು ರೋಗಿಗಳು ಬರತೊಡಗಿದರು. ಅಲ್ಲಿದ್ದುದು ಒಂದೇ ಒಂದು ಕಬ್ಬಿಣದ ಪುಪ್ಪುಸ, ಮತ್ತು ಎದೆಗೆ ಕಟ್ಟುವ ಆರು ಸಣ್ಣ ಯಂತ್ರಗಳು. ಕಬ್ಬಿಣದ ಪುಪ್ಪುಸವೆಂಬುದು ೧೯೨೮ರಲ್ಲಿ ಬಾಸ್ಟನ್ನಿನಲ್ಲಿ ಬಳಕೆಗೆ ಬಂದ ದೊಡ್ಡ ಪೀಪಾಯಿ. ರೋಗಿಯ ತಲೆಯೊಂದನ್ನು ಹೊರಗಿಟ್ಟು ದೇಹವನ್ನು ಒಳಗಿಟ್ಟು, ಒಳಗಿನ ಗಾಳಿಯ ಒತ್ತಡವನ್ನು ತಗ್ಗಿಸಿ ಎದೆಯನ್ನು ಹಿಗ್ಗಿಸುವುದು ಅದರ ಕೆಲಸ. ಗಂಟಲಿನಲ್ಲಿ ತಾನೇ ತಾನಾಗಿ ತುಂಬುವ ಜೊಲ್ಲು ಕಫಗಳನ್ನು ಅದು ತೆಗೆಯಲಾರದು. ಉಸಿರಾಟದ ಪಾರ್ಶ್ವವಾಯುವಿನಿಂದ ಬಂದ ಮೊದಲ ೩೧ ರೋಗಿಗಳಲ್ಲಿ ೨೭ ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು, ಎಳೆಯರು.

ಮುಖ್ಯವೈದ್ಯರಾದ ಲಾಸೆನ್ನರು ದಿಗ್ಭ್ರಾಂತರಾದರು. ಸಾಯುತ್ತಿದ್ದವರ ರಕ್ತವನ್ನು ಪರೀಕ್ಷಿಸಿದಾಗ ಅದರಲ್ಲಿ ಬೈಕಾರ್ಬನೇಟಿನ ಅಂಶ ಮಿತಿಮೀರಿದ್ದಿತು. ಇದು ಯಾವುದೋ ಅಪರಿಚಿತ ಕ್ಷಾರದೋಷವೆಂದೇ ತಿಳಿದವರು ತಿಳಿದರು. ಅವರ ಸಹೋದ್ಯೋಗಿಯ ಸಲಹೆಯಂತೆ, ಅರಿವಳಿಕೆಯ ವೈದ್ಯರಾದ ಬ್ಯೋರ್ನ್ ಇಬ್ಸೆನ್ನರನ್ನು ಕರೆಸಲಾಯಿತು. ಅರಿವಳಿಕೆಯವನಿಗೆ ಜ್ವರದ ಆಸ್ಪತ್ರೆಯಲ್ಲಿ ಏನು ಕೆಲಸವೆಂದು ಆ ಕಾಲದಲ್ಲಿ ಯಾರಾದರೂ ಕೇಳಬಹುದಾಗಿದ್ದಿತು. ಇಬ್ಸೆನ್ನರು ಶವಪರೀಕ್ಷೆಯ ವರದಿಗಳನ್ನು ನೋಡಿದರು. ಅವರ ನಿರ್ಣಯ ಸರಳವಾಗಿದ್ದಿತು: ಇದು ಕ್ಷಾರದೋಷವಲ್ಲ, ಉಸಿರು ಸಾಲದೆ ದೇಹದಲ್ಲಿ ಇಂಗಾಲಾಮ್ಲವಾಯು ಉಳಿದುಹೋಗಿದೆ. ರೋಗಿಗಳು ಹೊಸದೊಂದು ವಿಷದಿಂದಲ್ಲ, ಗಾಳಿಯಿಲ್ಲದೆ ಸಾಯುತ್ತಿದ್ದಾರೆ.

ಆಗಸ್ಟ್ ೨೭ರಂದು ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಮೇಲೆ ಈ ನಿರ್ಣಯದ ಪರೀಕ್ಷೆ ನಡೆಯಿತು. ಕೈಕಾಲುಗಳು ಬಿದ್ದುಹೋಗಿ, ತನ್ನ ಕಫದಲ್ಲಿಯೇ ಮುಳುಗುತ್ತಿದ್ದಳು. ಕೊರಳನ್ನು ಕೊಯ್ದು ಶ್ವಾಸನಾಳಕ್ಕೆ ನಳಿಗೆಯಿಟ್ಟು, ಅದಕ್ಕೆ ರಬ್ಬರಿನ ಚೀಲವನ್ನು ಕಟ್ಟಿದರು. ಚೀಲವನ್ನು ಒತ್ತಿದರೂ ಗಾಳಿ ಒಳಹೋಗಲಿಲ್ಲ. ಹುಡುಗಿ ಉಸಿರಿಗಾಗಿ ತಾನೇ ಹೆಣಗುತ್ತಿದ್ದಳು. ಇಬ್ಸೆನ್ನರು ಅರಿವಳಿಕೆಯ ಮದ್ದನ್ನು ಕೊಟ್ಟು ಆ ಹೆಣಗಾಟವನ್ನು ನಿಲ್ಲಿಸಿದರು. ನೋಡುವವರಿಗೆ ಇದೇ ಅಂತ್ಯವೆಂದು ತೋರಿರಬೇಕು. ಆದರೆ ಆ ಬಳಿಕ ಎದೆಯು ಚೀಲಕ್ಕೆ ಓಗೊಟ್ಟಿತು, ಮೈಬಣ್ಣ ತಿಳಿಯಾಯಿತು. ಆಕೆಯ ಅಂಗಗಳು ಮರಳಿ ಬರಲಿಲ್ಲ, ಪ್ರಾಣ ಉಳಿಯಿತು.

ಉಪಾಯವೇನೋ ದೊರೆಯಿತು, ಆದರೆ ಚೀಲವನ್ನು ಒತ್ತುವವರು ಯಾರು? ಒಂದು ಕ್ಷಣ ಬಿಡುವಿಲ್ಲದೆ, ಹಗಲಿರುಳು, ವಾರಗಟ್ಟಲೆ ಒತ್ತಬೇಕು. ಯಂತ್ರಗಳಿರಲಿಲ್ಲ. ಆಗ ವೈದ್ಯವಿದ್ಯಾರ್ಥಿಗಳನ್ನು ಕರೆದರು. ಸುಮಾರು ೧,೫೦೦ ಮಂದಿ ಸರದಿಯ ಮೇಲೆ ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತರು. ಒಂದೇ ಕಾಲದಲ್ಲಿ ೭೦ ರೋಗಿಗಳು ಹೀಗೆ ಪರರ ಕೈಯಿಂದ ಉಸಿರಾಡಿದ ದಿನವೂ ಉಂಟು. ಪೋಲಿಯೋವಿಗೆ ಲಸಿಕೆಯು ಆಗಿನ್ನೂ ಬಂದಿರಲಿಲ್ಲ. ಈ ತರುಣರಿಗೆ ರಕ್ಷಣೆಯೆಂಬುದಿರಲಿಲ್ಲ. ಮಾತನಾಡಲಾರದ ಮಗುವಿನ ಕಣ್ಣನ್ನು ನೋಡಿಯೇ ಚೀಲದ ವೇಗವನ್ನು ತಿದ್ದಿಕೊಂಡರು. ಎಷ್ಟೋ ಬಾರಿ ಕೈ ಒತ್ತುತ್ತಿದ್ದಂತೆಯೇ ಹೃದಯ ನಿಂತಿತು. ಹಾಗಿದ್ದರೂ ನೂರಕ್ಕೆ ೮೭ರಷ್ಟಿದ್ದ ಮರಣವು ಕ್ರಮವಾಗಿ ಇಳಿದು, ವರ್ಷ ಮುಗಿಯುವ ಹೊತ್ತಿಗೆ ಸುಮಾರು ೨೫ಕ್ಕೆ ಬಂದಿತು.

ಮುಂದಿನ ವರ್ಷ, ೧೯೫೩ರ ಡಿಸೆಂಬರಿನಲ್ಲಿ, ಇಬ್ಸೆನ್ನರು ಅದೇ ನಗರದ ಮತ್ತೊಂದು ಆಸ್ಪತ್ರೆಯಲ್ಲಿ ಕಡುರೋಗಿಗಳಿಗಾಗಿಯೇ ಪ್ರತ್ಯೇಕ ವಿಭಾಗವೊಂದನ್ನು ತೆರೆದರು. ಇಂದಿನ ತೀವ್ರ ನಿಗಾ ಘಟಕಗಳ ಪೂರ್ವಜವೆಂದು ಅದನ್ನು ಗಣಿಸುತ್ತಾರೆ. ೧೯೫೫ರಲ್ಲಿ ಸಾಕ್ ಅವರ ಲಸಿಕೆಯೂ, ತರುವಾಯ ಸೇಬಿನ್ ಅವರ ಬಾಯಿಹನಿಯೂ ಬಂದವು. ನಮ್ಮ ದೇಶದಲ್ಲಿ ಕಾಡು ಪೋಲಿಯೋವಿನ ಕೊನೆಯ ಪ್ರಕರಣ ಕಂಡುದು ೨೦೧೧ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. ೨೦೧೪ರ ಮಾರ್ಚಿನಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು.

ಮಕ್ಕಳ ಬಾಯಿಗೆ ಎರಡು ಹನಿ ಹಾಕಿಸುವ ತಾಯಿತಂದೆಯರಿಗೆ ಈ ಕಥೆಯನ್ನು ತಿಳಿಯಲೇಬೇಕೆಂಬ ಕಟ್ಟಳೆಯಿಲ್ಲ. ಆದರೂ ಆ ಎರಡು ಹನಿಯಿಲ್ಲದ ಕಾಲದಲ್ಲಿ ಒಂದು ಮಗುವಿನ ಒಂದು ರಾತ್ರಿಗೆ ಎಷ್ಟು ಕೈಗಳು ಬೇಕಾಗಿದ್ದುವು ಎಂಬುದನ್ನು ಒಮ್ಮೆ ನೆನೆಯುವುದು ಉಚಿತವೆಂದು ನನ್ನ ಭಾವನೆ.